ವಿಮ್ ನನ್ನ ಕೈಯಿಂದ ಚೆಂಡು ತೆಗೆದುಕೊಂಡ ದಿನ

ನಮ್ಮ ಮನೆಯಲ್ಲಿ ಶನಿವಾರಕ್ಕೇ ಒಂದು ವಾಸನೆ ಇದ್ದ ಕಾಲವದು. ಬೆಳಗ್ಗೆ ಏಳಕ್ಕೆಲ್ಲ ಅಮ್ಮ ಪುಳಿಯೋಗರೆ ಕಲಸುವ ಘಮ, ಹಾಲ್‌ನಲ್ಲಿ ಅಪ್ಪ ನನ್ನ ಚರ್ಮದ ಗ್ಲೌಸಿಗೆ ಎಣ್ಣೆ ತಿಕ್ಕುವ ವಾಸನೆ, ಎರಡೂ ಸೇರಿ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತಿದ್ದವು. ನಾವಿದ್ದ ಡಚ್ ಊರು ಹೂಫ್‌ಡಾರ್ಪ್‌ನ ಕನ್ನಡದ ಮಕ್ಕಳಲ್ಲಿ ಕೆಲವರಿಗೆ ಶನಿವಾರ ಎಂದರೆ ಈಜು, ಕೆಲವರಿಗೆ ಭರತನಾಟ್ಯ. ನನಗೆ ಹೊಂಕ್‌ಬಾಲ್. ಬೇಸ್‌ಬಾಲನ್ನು ಡಚ್ಚರು ಕರೆಯುವುದು ಹಾಗೆ. ಆಗ ನನಗೆ ಹನ್ನೊಂದು ವರ್ಷ, ನಮ್ಮ ತಂಡದಲ್ಲಿದ್ದ ಒಬ್ಬಳೇ ಹುಡುಗಿ, ಮತ್ತು ತಂಡದ ಪಿಚರ್. ಅಂದರೆ ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯುವವಳು.

ನಮ್ಮ ಕೋಚ್ ವಿಮ್ ಬಸ್ ಓಡಿಸಿ ನಿವೃತ್ತರಾದವರು. ಎತ್ತರದ ಆಳು, ಬೇಸಿಗೆಯಲ್ಲೂ ಅದೇ ನೀಲಿ ಜಾಕೆಟ್ಟು. ನಂದಿನಿ ಎಂದು ಕರೆಯಲು ಅವರಿಗೆ ಪುರುಸೊತ್ತಿರಲಿಲ್ಲ, 'ನಂದಿ' ಎಂದುಬಿಡುತ್ತಿದ್ದರು. "ಚಾಮುಂಡಿ ಬೆಟ್ಟದ ಮೇಲೆ ಕೂತಿರೋದನ್ನ ಇಲ್ಲಿಗೆ ಕರ್ಕೊಂಡು ಬಂದುಬಿಟ್ಟ" ಎಂದು ಅಪ್ಪ ನಗುತ್ತಿದ್ದರು. ಅಮ್ಮ ಕಳಿಸುತ್ತಿದ್ದ ಕೋಡುಬಳೆಯನ್ನು ವಿಮ್ ಪಂದ್ಯದುದ್ದಕ್ಕೂ ಕಟುಂ ಕಟುಂ ಎಂದು ಕಡಿಯುತ್ತಿದ್ದರು. ಡಬ್ಬ ಖಾಲಿಯಾದರೆ ನನ್ನ ಕಡೆ ನೋಡುತ್ತಿದ್ದರು, ತಿಂದದ್ದು ನಾನೇ ಎಂಬಂತೆ.

ಅಪ್ಪ ಮೈಸೂರಿನ ಮೈದಾನಗಳಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಆಫೀಸಿನಲ್ಲಿ ಅವರು ಬಾಯಿ ಬಿಡುವವರಲ್ಲ. ಡಚ್ ಭಾಷೆ ನಾಲಿಗೆಗೆ ಒಗ್ಗಿರಲಿಲ್ಲ. ಆ ವರ್ಷವಂತೂ ಅವರಿಗೆ ಬರಬೇಕಿದ್ದ ಮೇಲಿನ ಜಾಗ ಇನ್ನೊಬ್ಬರ ಪಾಲಾಗಿತ್ತು, ಯಾಕೆಂದು ಯಾರೂ ಹೇಳಿರಲಿಲ್ಲ. ವಾರವಿಡೀ ಮನೆಯಲ್ಲಿ ತಟ್ಟೆ ಸೌಟುಗಳದೇ ಸದ್ದು. ಶನಿವಾರ ತಂತಿ ಬೇಲಿಯ ಹಿಂದೆ ಫ್ಲಾಸ್ಕ್ ಹಿಡಿದು ನಿಂತರೆ ಸಾಕು, ಅಪ್ಪ ಬೇರೆ ಮನುಷ್ಯರಾಗುತ್ತಿದ್ದರು. ವಿಮ್ ಏನು ಮಾಡಿದರೂ ಅವರಿಗೆ ಅದಕ್ಕಿಂತ ಒಳ್ಳೆಯದು ಗೊತ್ತಿತ್ತು.

ಹೊಂಕ್‌ಬಾಲ್‌ನಲ್ಲಿ ಒಂದು ಲೆಕ್ಕಾಚಾರವಿದೆ. ಬ್ಯಾಟ್ಸ್‌ಮನ್ ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗುತ್ತಾನೆ, ಆ ಸಂದಿಯಲ್ಲಿ ಮುಂಚೆಯೇ ಬೇಸ್ ಮೇಲೆ, ಅಂದರೆ ಒಂದು ರನ್ನಿಗಾಗಿ ಸುತ್ತಿ ಬರಬೇಕಾದ ನಾಲ್ಕು ಗುರುತುಗಳಲ್ಲಿ ಒಂದರ ಮೇಲೆ, ಇರುವ ಗೆಳೆಯ ಇನ್ನೊಂದು ಬೇಸ್ ಮುಂದೆ ಓಡುತ್ತಾನೆ. ವಿಮ್ ಅದನ್ನು ಮೊದಲ ಸಲ ಮಾಡಿಸಿದ ದಿನ ಅಪ್ಪ ಹೌಹಾರಿದರು.

"ಬೇಕೂ ಅಂತ ಔಟಾಗು ಅಂತ ಹೇಳ್ಕೊಡ್ತಾನಲ್ಲೇ! ಇವನೆಂಥ ಕೋಚು?"

"ಅವರಿಗೆ ಗೊತ್ತಿರತ್ತೆ ಬಿಡಿ, ಕಾಫಿ ಕುಡೀರಿ" ಎಂದರು ಅವತ್ತು ಜೊತೆಗೆ ಬಂದಿದ್ದ ಅಮ್ಮ.

ವಾಪಸು ಬರುವಾಗ ಕಾರಿನಲ್ಲಿ ಇಡೀ ಪಂದ್ಯ ಇನ್ನೊಂದು ಸಲ ನಡೆಯುತ್ತಿತ್ತು. ಅಪ್ಪನೇ ಕೋಚು. ಯಾರನ್ನು ಎಲ್ಲಿ ನಿಲ್ಲಿಸಬೇಕಿತ್ತು, ಯಾವಾಗ ಓಡಿಸಬೇಕಿತ್ತು, ಎಲ್ಲವನ್ನೂ ಸರಿಪಡಿಸಿಬಿಡುತ್ತಿದ್ದರು. ಆ ಪಂದ್ಯಗಳಲ್ಲಿ ನಾವು ಸೋತದ್ದೇ ಇಲ್ಲ. ಸ್ಕಿಪೋಲ್‌ಗೆ ಇಳಿಯುವ ವಿಮಾನ ತಲೆ ಮೇಲೆ ಹಾದಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಶುರುಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಕೇಳುವುದು ನನಗೆ ಪಂದ್ಯಕ್ಕಿಂತ ಇಷ್ಟವಾಗುತ್ತಿತ್ತು.

ವಿಮ್ ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಪಂದ್ಯದಲ್ಲಿ ಎಸೆದ ಮಕ್ಕಳು ಆಮೇಲೆ ಕೈಗೆ ವಿಶ್ರಾಂತಿ ಕೊಡಬೇಕು, ಮನೆಯಲ್ಲಿ ಎಸೆಯಲೇಕೂಡದು. ಸೀಸನ್ ಶುರುವಿನಲ್ಲಿ ಎಲ್ಲ ಪೋಷಕರಿಗೂ ಒಂದು ಹಾಳೆ ಹಂಚಿದ್ದರು. ನಾನೇ ಅದನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದ್ದೆ.

"ನಾವು ದಿನಾ ಕತ್ತಲಾಗೋವರೆಗೂ ಬೌಲಿಂಗ್ ಮಾಡ್ತಿದ್ವಿ ಪುಟ್ಟಿ. ನಮ್ಮ ಕೈಯೇನು ಬಿದ್ದುಹೋಯ್ತಾ? ಇವನಿಗೆ ಎಲ್ಲಾದಕ್ಕೂ ಹೆದರಿಕೆ" ಎಂದು ಅಪ್ಪ ಹಾಳೆ ಮಡಿಸಿಟ್ಟರು.

ಬೌಲಿಂಗ್‌ನಲ್ಲಿ ಕೈ ನೇರವಾಗಿ ಸುತ್ತುತ್ತದೆ, ಇಲ್ಲಿ ಮೊಣಕೈ ಮಡಿಸಿ ಚಾಟಿಯಂತೆ ಬೀಸಬೇಕು. ಈ ವ್ಯತ್ಯಾಸ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ದಿನಾ ಸಂಜೆ ಊಟಕ್ಕೆ ಮುಂಚೆ, ಮನೆ ಹಿಂದಿನ ಕಾಲುವೆ ಪಕ್ಕದ ಹುಲ್ಲಿನಲ್ಲಿ ಅಪ್ಪ ಮಂಡಿಯೂರಿ ಕೂರುತ್ತಿದ್ದರು, ನಾನು ಎಸೆಯುತ್ತಿದ್ದೆ. ಬಾತುಕೋಳಿಗಳು ನಮ್ಮನ್ನು ಬೈದುಕೊಂಡು ನೀರಿಗಿಳಿಯುತ್ತಿದ್ದವು. ಚೆಂಡು ಗ್ಲೌಸಿಗೆ ಬಡಿದಾಗಲೆಲ್ಲ ಅಪ್ಪ "ಶಭಾಷ್!" ಅನ್ನುತ್ತಿದ್ದರು. ಆ ಒಂದು ಶಬ್ದಕ್ಕಾಗಿ ನಾನು ಇನ್ನೂ ನೂರು ಚೆಂಡು ಎಸೆಯಲು ತಯಾರಿದ್ದೆ. ಆಗಸ್ಟ್ ಹೊತ್ತಿಗೆ ಹಲ್ಲುಜ್ಜುವಾಗ ಬಲ ಮೊಣಕೈ ಚುಳುಕ್ ಎನ್ನಲು ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಎಡಗೈಯಲ್ಲಿ ಉಜ್ಜಿದೆ.

ಸೀಸನ್ನಿನ ಕೊನೆಯ ಪಂದ್ಯ ಹಾರ್ಲೆಮ್‌ನಲ್ಲಿ. ಗೆದ್ದವರು ನಮ್ಮ ಗುಂಪಿನ ಚಾಂಪಿಯನ್ನರು. ಕೊನೆಯ ಇನ್ನಿಂಗ್ಸ್‌ನಲ್ಲಿ ಎದುರಾಳಿಗಳ ಬ್ಯಾಟಿಂಗ್, ನಾವು ಒಂದು ರನ್ ಮುಂದಿದ್ದೆವು. ಅವರಲ್ಲಿ ಇಬ್ಬರು ಔಟಾಗಿದ್ದರು, ಇಬ್ಬರು ಬೇಸ್‌ಗಳ ಮೇಲಿದ್ದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಮುಗಿಯಿತು. ನಾನು ಒಂದು ಚೆಂಡು ಎಸೆದೆ. ಮೊಣಕೈಯೊಳಗೆ ಏನೋ ಸುಟ್ಟಂತಾಗಿ ಕೈ ಪಕ್ಕಕ್ಕೆ ಜೋತುಬಿತ್ತು. ಬೇರೆ ಯಾರೂ ಗಮನಿಸಲಿಲ್ಲ. ವಿಮ್ ಅಂಪೈರ್‌ಗೆ ಕೈ ತೋರಿಸಿ, ನಾನು ನಿಂತಿದ್ದ ದಿಬ್ಬದ ಕಡೆಗೆ ನಡೆದು ಬಂದರು.

"ನೋವಾಗ್ತಿದೆಯಾ?" ಎಂದು ಡಚ್ಚಿನಲ್ಲಿ, ಮೆಲ್ಲಗೆ ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ಮನೇಲೂ ಎಸೀತಿದ್ದೀಯಾ?"

"ಅಪ್ಪನ ಜೊತೆ. ದಿನಾ." ನನಗೆ ಅಳು ಒತ್ತಿಕೊಂಡು ಬಂತು. "ಅಪ್ಪನಿಗೆ ಹೇಳ್ಬೇಡಿ ವಿಮ್. ಗೊತ್ತಾದ್ರೆ ಅವರು ಇನ್ಮೇಲೆ ಬರೋದೇ ಇಲ್ಲ."

ವಿಮ್ ಬೇಲಿಯ ಕಡೆ ನೋಡಿದರು. ಅಲ್ಲಿ ಅಪ್ಪ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು.

"ಹೇಳಲ್ಲ. ಮಾತು ಕೊಟ್ಟೆ" ಎಂದರು. "ಚೆಂಡು ಕೊಡು."

ನನ್ನ ಬದಲು ಸ್ಯಾಂಡರ್ ಬಂದ. ಒಳ್ಳೆಯ ಹುಡುಗ, ಪಾಪ. ಅವನ ಎರಡನೇ ಚೆಂಡನ್ನೇ ಎದುರಾಳಿ ದೂರಕ್ಕೆ ಬಾರಿಸಿದ, ಬೇಸ್‌ಗಳ ಮೇಲಿದ್ದ ಇಬ್ಬರೂ ಓಡಿ ಕೊನೆಯ ಬೇಸ್ ಮುಟ್ಟಿ ಎರಡು ರನ್ ಗಳಿಸಿದರು. ಸೋತೆವು. ಸ್ಯಾಂಡರ್ ದಿಬ್ಬದ ಮೇಲೆ ಕುಸಿದು ಕೂತು ಅತ್ತ.

ಅಪ್ಪ ಬೇಲಿ ಬಳಸಿಕೊಂಡು ಒಳಗೇ ಬಂದರು. ಅವರ ಇಂಗ್ಲಿಷ್ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

"ಅವಳನ್ನ ಯಾಕೆ ತೆಗೆದ್ರಿ?"

"ಅದು ನನ್ನ ನಿರ್ಧಾರ. ತಪ್ಪಾಗಿದ್ದರೆ ತಪ್ಪು ನನ್ನದು" ಎಂದರು ವಿಮ್.

"ಹುಡುಗಿ ಅಂತಲಾ? ಅಥವಾ ನಮ್ಮ ಬಣ್ಣ ನೋಡಿಯಾ?"

ಸುತ್ತಲಿದ್ದ ತಂದೆತಾಯಂದಿರೆಲ್ಲ ನಮ್ಮ ಕಡೆ ತಿರುಗಿದರು. ವಿಮ್ ಮುಖ ಕಿವಿಯವರೆಗೂ ಕೆಂಪಾಯಿತು. ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಬಗ್ಗಿ, ಬಿಚ್ಚದೇ ಇದ್ದ ಶೂ ಲೇಸನ್ನು ಕಟ್ಟಿಕೊಂಡೆ.

ಆ ದಿನ ಕಾರಿನಲ್ಲಿ ಎರಡನೇ ಪಂದ್ಯ ನಡೆಯಲಿಲ್ಲ. ಅಪ್ಪ ಅವತ್ತೇ ಕ್ಲಬ್ಬಿನ ಆಡಳಿತ ಮಂಡಳಿಗೆ ಉದ್ದನೆಯ ಮೇಲ್ ಬರೆದರು. ಅದರಲ್ಲಿ ಅರ್ಧ ನನ್ನ ಪಂದ್ಯದ್ದು, ಇನ್ನರ್ಧ ಆಫೀಸಿನದು ಎಂದು ಈಗ ನನಗೆ ಅರ್ಥವಾಗುತ್ತದೆ. ಆಫೀಸಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಅವರು ವಿಮ್‌ಗೆ ಕೇಳಿದ್ದರು.

ಎರಡು ವಾರದ ಮೇಲೆ ನಮ್ಮನ್ನು ಕ್ಲಬ್ಬಿಗೆ ಕರೆಸಿದರು. ಕ್ಯಾಂಟೀನಿನ ಪಕ್ಕದ ಕೋಣೆ, ಗೋಡೆಗೆಲ್ಲ ಕರಿದ ಆಲೂಗಡ್ಡೆಯ ವಾಸನೆ. ಮಂಡಳಿಯ ಹೆಂಗಸೊಬ್ಬರು ನನ್ನ ಮುಂದೆ ನಿಂಬೆ ಪಾನಕದ ಲೋಟ ಇಟ್ಟು, ತುಂಬ ಅಕ್ಕರೆಯಿಂದಲೇ ಕೇಳಿದರು: "ವಿಮ್ ನಿನಗೂ ಬೇರೆ ಮಕ್ಕಳಿಗೂ ಭೇದ ಮಾಡ್ತಿದ್ರಾ?"

ಅಪ್ಪ ನನ್ನ ಎಡಕ್ಕೆ, ವಿಮ್ ಎದುರಿಗೆ. ಮನೆಯಲ್ಲಿ ಎಸೆಯಿಸಬೇಡಿ ಎಂದರೂ ಈ ಮನುಷ್ಯ ಮಗಳ ಕೈ ಹಾಳುಮಾಡಿದ್ದಾನೆ ಎಂದು ವಿಮ್ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತ ಕೂತಿದ್ದರು. ಹೇಳಬೇಕಾದವಳು ನಾನು. ನಾನು ಅಂದದ್ದು ಒಂದೇ ಮಾತು.

"ಗೊತ್ತಿಲ್ಲ."

ಇಲ್ಲ ಎಂದಿದ್ದರೆ ವಿಮ್ ಉಳಿಯುತ್ತಿದ್ದರು. ಹೌದು ಎಂದಿದ್ದರೆ ಅದು ಹಸಿ ಸುಳ್ಳಾಗುತ್ತಿತ್ತು. ಗೊತ್ತಿಲ್ಲ ಅನ್ನುವುದು ಇವೆರಡರ ನಡುವೆ ಅಡಗಿಕೊಳ್ಳಲು ಸಿಕ್ಕ ಜಾಗ ಅಂದುಕೊಂಡೆ. ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಯಾರೂ ವಿಮ್ ಅವರನ್ನು ತೆಗೆದುಹಾಕಲಿಲ್ಲ. ಅವರೇ ಬಿಟ್ಟರು. ವಸಂತದಲ್ಲಿ ಹೊಸ ಕೋಚ್ ಬಂದಿದ್ದರು, ಕೋಡುಬಳೆ ಕೊಟ್ಟರೆ ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳಿದರು. ಚಳಿಗಾಲವಿಡೀ ಎಸೆಯದೆ ಇದ್ದುದರಿಂದ ನನ್ನ ಕೈ ವಾಸಿಯಾಗಿತ್ತು. ಆದರೆ ದಿಬ್ಬದ ಮೇಲೆ ನಿಂತರೆ ಕಣ್ಣು ಆ ನೀಲಿ ಜಾಕೆಟ್ಟನ್ನೇ ಹುಡುಕುತ್ತಿತ್ತು. ಬೇಜಾರು ಎಂದು ನೆವ ಹೇಳಿ ಆಟ ಬಿಟ್ಟೆ. ಮಗಳ ಉತ್ಸಾಹವನ್ನು ವಿಮ್ ಕೊಂದುಹಾಕಿದ ಎಂದು ಅಪ್ಪ ವರ್ಷಗಟ್ಟಲೆ ಅನ್ನುತ್ತಿದ್ದರು. ನಾನು ಊಟ ಮಾಡುತ್ತ ಕೇಳಿಸಿಕೊಳ್ಳುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಸ್ಯಾಂಡರ್‌ನಿಂದ ಮೆಸೇಜು ಬಂತು, ವಿಮ್ ತೀರಿಕೊಂಡರೆಂದು. ನಾನೀಗ ಇರುವುದು ದ ಹೇಗ್‌ನಲ್ಲಿ. ಆ ಭಾನುವಾರ ರೈಲು ಹತ್ತಿ ಹೂಫ್‌ಡಾರ್ಪ್‌ಗೆ ಹೋದೆ. ಅಪ್ಪ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನೋವು, ಮಾತು ಕೊಟ್ಟದ್ದು, ಶೂ ಲೇಸು, ಗೊತ್ತಿಲ್ಲ ಅಂದದ್ದು.

ಅಪ್ಪ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. ನನ್ನನ್ನು ಬೈಯಲಿಲ್ಲ.

"ಒಂದ್ಸಲ ಅಂಗಡೀಲಿ ಸಿಕ್ಕಿದ್ರು ಅವರು" ಎಂದರು. ಅವರ ಬಾಯಲ್ಲಿ ವಿಮ್ 'ಅವರು' ಆದದ್ದು ಅವತ್ತೇ ಮೊದಲು. "ನೀನಾಗ ಹೈಸ್ಕೂಲು. ಹತ್ರ ಬಂದು, ನಂದಿ ಕೈ ಈಗ ಹೇಗಿದೆ ಅಂತ ಕೇಳಿದ್ರು. ಕೊಂಕು ಮಾತಾಡ್ತಿದಾರೆ ಅಂದ್ಕೊಂಡೆ ಪುಟ್ಟಿ. ಮುಖ ತಿರುಗಿಸ್ಕೊಂಡು ಗಾಡಿ ತಳ್ಕೊಂಡು ಹೋಗ್ಬಿಟ್ಟೆ."

ನಾವಿಬ್ಬರೂ ಕ್ಷಮೆ ಕೇಳಬೇಕಾದ ಮನುಷ್ಯ ಈಗಿಲ್ಲ. ಮೈದಾನ ಇದೆ, ಬೇಲಿ ಹೊಸದಾಗಿದೆ, ಈಗಿನ ತಂಡಗಳಲ್ಲಿ ನಾಲ್ಕೈದು ಹುಡುಗಿಯರಿದ್ದಾರಂತೆ. ಅಂದು ನಾನು ಬಾಯಿ ಮುಚ್ಚಿಕೊಂಡದ್ದು ಅಪ್ಪನ ಬಾಯಿ ಮುಚ್ಚದಿರಲಿ ಎಂದು, ಶನಿವಾರದ ಆ ಒಬ್ಬ ಮಾತಾಡುವ ಅಪ್ಪ ನನಗೆ ಉಳಿಯಲಿ ಎಂದು. ಈಗಲೂ ಟಿವಿಯಲ್ಲಿ ಕ್ರಿಕೆಟ್ ಇದ್ದರೆ ಜೊತೆಗೆ ಕೂರುತ್ತೇವೆ. ಚೆನ್ನಾಗಿ ಹಾಕುತ್ತಿರುವ ಬೌಲರನ್ನು ಕ್ಯಾಪ್ಟನ್ ಏಕಾಏಕಿ ಬದಲಿಸುತ್ತಾನೆ. ಅಪ್ಪ ಏನಾದರೂ ಅನ್ನಲಿ, ರೇಗಲಿ, ಇವನೆಂಥ ಕ್ಯಾಪ್ಟನ್ ಎಂದು ಒಂದು ಸಲ ಕೂಗಲಿ ಎಂದು ನಾನು ಕಾಯುತ್ತೇನೆ. ಅವರು ಸುಮ್ಮನೆ ನೋಡುತ್ತಾರೆ.