ಅಪ್ಪನ ದೋಣಿಗೆ ಬ್ಯಾಟರಿ ಹುಡುಕಿದ್ದು

ನಮ್ಮಪ್ಪ ಸಿರುಗುಪ್ಪದ ಬಳಿ ತುಂಗಭದ್ರೆಯಲ್ಲಿ ಅಂಬಿಗನಲ್ಲದೆ ನಾಲ್ಕು ಜನ ಕೂರುವ ಸಣ್ಣ ದೋಣಿ ನಡೆಸುತ್ತಿದ್ದ. ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷಕ್ಕೆ ಅವನ ಬಲಗೈ ರಟ್ಟೆ ಸೋತು, ಹುಟ್ಟು ಹಾಕಲು ಆಗದಂತಾಯಿತು. ಯುಗಾದಿಯೊಳಗೆ ದೋಣಿ ನೀರಿಗಿಳಿಯದಿದ್ದರೆ ಬೇರೆ ಅಂಬಿಗನನ್ನು ಕರೆಸುತ್ತೇವೆಂದು ಊರ ಹಿರಿಯರು ಹೇಳಿಬಿಟ್ಟರು. ಹೊಳೆ ಬಿಟ್ಟರೆ ಅಪ್ಪ ಉಳಿಯುವವನಲ್ಲ. ಮಗಳಾದ ನನಗೆ ಅದು ಗೊತ್ತಿತ್ತು, ಆ ಹಿರಿಯರಿಗೂ ಗೊತ್ತಿತ್ತು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಬಳ್ಳಾರಿಯಲ್ಲಿ ಲಾರಿ ರಿಪೇರಿ ಮಾಡುವ ಮಿಸ್ತ್ರಿಯೊಬ್ಬನಿದ್ದ. ನಾವು ಕೇಳಿಕೊಂಡಿದ್ದಕ್ಕೆ ಅವನು ನಮ್ಮ ದೋಣಿಗೆಂದು ಮಿಲಿಟರಿಯವರು ಮಾರಿದ ಹಳೆ ಲಾರಿಯ ಡೈನಮೊ ಬಿಚ್ಚಿ, ಅದು ಬ್ಯಾಟರಿಯಿಂದ ತಿರುಗುವಂತೆ ಮಾಡಿ, ನೀರು ತಳ್ಳಲು ತಗಡಿನ ರೆಕ್ಕೆ ಕೂಡಿಸಿದ್ದ. ಇನ್ನು ಬ್ಯಾಟರಿಯೊಂದನ್ನು ಆರಿಸಬೇಕಿತ್ತು. ನಾನೂ ಅಪ್ಪನೂ ಕುರುಗೋಡಿನ ಮೇಲೆ ಹೋಗುವ ಬಸ್ಸು ಹಿಡಿದು ಹೋದೆವು.

"ಹೊಳಿ ದಾಟಾಕ ಎಷ್ಟು ಹೊತ್ತು ಬೇಕಣ್ಣಾ?" ಎಂದು ಮಿಸ್ತ್ರಿ ಕೇಳಿದ.

"ಹೋಗಾಕ ಒಂದು ಬೀಡಿ, ಬರಾಕ ಒಂದೂವರಿ," ಎಂದ ಅಪ್ಪ. ಗಡಿಯಾರ ನೋಡಲು ಅವನಿಗೆ ಬರುತ್ತಿರಲಿಲ್ಲ; ಒಂದು ಬೀಡಿ ಸೇದಿ ಮುಗಿಸುವ ಹೊತ್ತೇ ಅವನ ಲೆಕ್ಕ.

ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರು. ಈ ಪುಣ್ಯಾತ್ಮ ಒಂದು ಕಟ್ಟು ಬೀಡಿ ತರಿಸಿ, ರೆಕ್ಕೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, "ದಿನಕ್ಕ ನಾಕು ಸಲ ಹೋಗಿ ಬಂದ್ರ ಹತ್ತು ಬೀಡಿ ಆತು. ಸೇದ್ರಿ," ಎಂದ.

ಅಲ್ಲಿ ಎರಡು ಬ್ಯಾಟರಿಗಳಿದ್ದವು. ಒಂದು ಫಳಫಳ ಹೊಳೆಯುವ ಹೊಸ ಲಾರಿ ಬ್ಯಾಟರಿ. ಇನ್ನೊಂದು ರೈಲು ಡಬ್ಬಿಯ ದೀಪಕ್ಕೆ ಹಾಕಿದ್ದ ಹಳೆಯದು, ಎತ್ತಲು ಇಬ್ಬರು ಬೇಕು. ಅಪ್ಪನ ಕಣ್ಣೆಲ್ಲ ಹೊಸದರ ಮೇಲೆ. ಅದನ್ನೇ ಮೊದಲು ಹಚ್ಚಿಸಿದ. ಐದನೆಯ ಬೀಡಿಗೆ ರೆಕ್ಕೆ ನಿಧಾನವಾಯಿತು. ಅಪ್ಪ ಬುಸುಬುಸು ದಮ್ಮು ಎಳೆಯತೊಡಗಿದ. ಬೀಡಿ ಬೇಗ ಮುಗಿದರೆ ಬ್ಯಾಟರಿ ಗೆದ್ದೀತು ಎಂದು ಅವನ ಉಪಾಯ! ನನಗೆ ನಾಚಿಕೆಯಾಯಿತು.

"ಅಣ್ಣಾ, ಹೊಳ್ಯಾಗೂ ಹಿಂಗ ಸೇದ್ತೀರೇನು?" ಮಿಸ್ತ್ರಿ ಮೆಲ್ಲಗೆ ಕೇಳಿದ. "ಇಲ್ಲಿ ನನಗ ಮೋಸ ಮಾಡಬಹುದು. ನಡು ಹೊಳ್ಯಾಗ ಯಾರಿಗೆ ಮಾಡ್ತೀರಿ?"

ಅಪ್ಪ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಒತ್ತಿದ. ಮಿಸ್ತ್ರಿ ಅದನ್ನು ದೊಡ್ಡದು ಮಾಡಲಿಲ್ಲ. "ಲಾರಿ ಬ್ಯಾಟ್ರಿ ಇಂಜಿನ್ ಎಬ್ಬಸಾಕ ಒಂದ ಸಲ ಜೋರು ಕೊಡ್ತೈತಿ, ಅಷ್ಟ. ಹಳೇದರಾಗ ಸೀಸದ ಹಲಗಿ ದಪ್ಪ ಅದಾವ. ದಿನಾ ಪೂರ್ತಿ ಸಮ ದುಡೀತೈತಿ," ಎಂದು ಹಳೆಯದನ್ನು ಹಚ್ಚಿದ. ಅಪ್ಪ ಹನ್ನೊಂದು ಬೀಡಿ ಸೇದಿ ಕೆಮ್ಮಿ ಕೆಮ್ಮಿ ಸಾಕಾದ. ರೆಕ್ಕೆ ತಿರುಗುತ್ತಲೇ ಇತ್ತು. ಅಂಥ ತಾಳ್ಮೆಯ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಯುಗಾದಿಗೆ ಎರಡು ದಿನ ಮೊದಲು, ಬ್ಯಾಟರಿ ಕೂಡಿಸಲು ಬಂದ ಮಿಸ್ತ್ರಿಯ ಜೊತೆ ದೋಣಿ ಇಳಿಸಿದೆವು. ಕರೆಂಟು ಹೊಡೆಯುತ್ತದೆಂದು ಒಬ್ಬರೂ ಹತ್ತಲಿಲ್ಲ. ಹಿರಿಯರು ದಡದಲ್ಲಿ ಕೈಕಟ್ಟಿ ನಿಂತಿದ್ದರು. ಆಗ ಮಿಸ್ತ್ರಿ ಚಪ್ಪಲಿ ಬಿಚ್ಚಿ, ಹತ್ತಿ, ಬ್ಯಾಟರಿಗೆ ಕಾಲು ತಾಗಿಸಿಕೊಂಡು ಕುಳಿತ. ಎರಡೂ ಕೈಯಲ್ಲಿ ದೋಣಿಯ ಅಂಚನ್ನು ಬಿಗಿಹಿಡಿದಿದ್ದ. ಹುಟ್ಟಿದ ಮೇಲೆ ಅವನು ದೋಣಿ ಹತ್ತಿದವನೇ ಅಲ್ಲವಂತೆ, ಈಜಂತೂ ಬಾರದು.

"ಇಳೀರಿ ಮಿಸ್ತ್ರಿ," ಎಂದೆ.

"ಬ್ಯಾಟ್ರಿ ಆರಿಸಿದೋನು ನಾನು. ನಾನ ಕೂಡದಿದ್ರ ಇವ್ರು ಯಾಕ ಕೂಡಬೇಕವ್ವಾ?"

ಅಪ್ಪ ದೋಣಿ ಬಿಟ್ಟ. ಆಚೆ ದಡ ಮುಟ್ಟಿದಾಗ, ಅಪ್ಪ ಆಮೇಲೆ ಹೇಳಿದ ಹಾಗೆ, ಮಿಸ್ತ್ರಿ ಇಳಿದು ಮರಳಿನ ಮೇಲೆ ಕುಳಿತ. ಈಚೆಗೆ ಬರಲು ಸೇತುವೆ ಇರಲಿಲ್ಲ. ಎದ್ದು, ಮತ್ತೆ ತಾನೇ ಮೊದಲು ಹತ್ತಿದ. ಸಂತೆಗೆಂದು ಆ ದಡದಲ್ಲಿ ಕಾದಿದ್ದ ಮೂವರು ಏನೂ ಕೇಳದೆ ಅವನ ಹಿಂದೆ ಹತ್ತಿದರು. ಅಪ್ಪ ಎಡಗೈಯಲ್ಲಿ ಚುಕ್ಕಾಣಿ ಹಿಡಿದು ದೋಣಿಯನ್ನು ಊರಿನ ಕಡೆ ತಿರುಗಿಸಿದ.