ಗುಬ್ಬಿ ಕೆಡಿಸಿದ ಕಂಪ್ಯೂಟರ್

ನನ್ನ ವಾರಗಿತ್ತಿಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಯಾರೂ ಇಲ್ಲ. ಆರು ವರ್ಷದಿಂದ ಅವಳನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡವಳು ನಾನೊಬ್ಬಳೇ. ಮೈದುನ ಅವಳನ್ನು ಮದುವೆಯಾಗಿ ಕರೆತಂದ ವಾರದಲ್ಲೇ ಅತ್ತೆ ಅವಳಿಗೆ ಗುಬ್ಬಿ ಎಂದು ಮುದ್ದಿನ ಹೆಸರಿಟ್ಟರು. ನಾನು ಸೊಸೆಯಾಗಿ ಬಂದು ಹದಿನೈದು ವರ್ಷ. ನಾನು ಇಂದಿಗೂ ಬರೀ 'ದೊಡ್ಡವಳು'. ಅತ್ತೆ ಇರುವುದೂ ಗುಬ್ಬಿಯ ಜೊತೆಗೇ, ನಮ್ಮದು ಬೇರೆ ಮನೆ.

ಗುಬ್ಬಿಗೆ ಗ್ರಂಥಾಲಯದಲ್ಲಿ ಕೆಲಸ. ಕುಳ್ಳಿ, ಮೆತ್ತನೆಯ ಮಾತು, ಬಾಯಲ್ಲಿ ಬೆರಳಿಟ್ಟರೂ ಕಚ್ಚುವವಳಲ್ಲ. ಸೋರುವ ನಲ್ಲಿಯಿರಲಿ, ನಿಂತ ಗಡಿಯಾರವಿರಲಿ, ಪುಸ್ತಕ ತೆರೆದಿಟ್ಟುಕೊಂಡು ಕೂತುಬಿಡುತ್ತಾಳೆ. ನಾನು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಆದರೂ ಅತ್ತೆಯ ಕಂಪ್ಯೂಟರ್ ನಿಧಾನವಾದಾಗ ಅವರು ಕೇಳಿದ್ದು ಗುಬ್ಬಿಯನ್ನು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಬಟ್ಟೆಯ ಮೇಲೆ ಹೆಸರು ಹೊಲಿದುಕೊಡುವುದು ಅತ್ತೆಯ ಕಸುಬು. ಅಕ್ಷರಗಳ ವಿನ್ಯಾಸ ಕಂಪ್ಯೂಟರಿನಿಂದ ಹೊಲಿಗೆಯಂತ್ರಕ್ಕೆ ಹೋಗಬೇಕು. ಗುಬ್ಬಿ ಕಂಪ್ಯೂಟರನ್ನು ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಮ್ ಪಕ್ಕದಲ್ಲೇ ಇನ್ನೊಂದು ಹಗುರವಾದದ್ದನ್ನು ಕೂರಿಸಿದಳು. ಒಂದು ವಾರ ಎಲ್ಲ ಸರಾಗ. "ನಮ್ಮ ಗುಬ್ಬಿ ಏನ್ ಮಾಡಿದ್ಲು ಗೊತ್ತಾ?" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಅದೂ ನನ್ನೆದುರೇ!

ಸೋಮವಾರ ಬೆಳಿಗ್ಗೆ ಪರದೆ ಕಪ್ಪಾಗಿ ನಿಂತಿತು. ಎರಡು ಸಿಸ್ಟಮ್‌ಗಳಲ್ಲಿ ಒಂದೂ ಏಳಲಿಲ್ಲ. ಬುಧವಾರ ಸಂಜೆಯೊಳಗೆ ಆಸ್ಪತ್ರೆಯ ದಾದಿಯರ ಅರವತ್ತು ಕೋಟುಗಳಿಗೆ ಹೆಸರು ಹೊಲಿಯಬೇಕಿತ್ತು. ತಪ್ಪಿದರೆ ಆ ಕೆಲಸ ಬೇರೆಯವರ ಪಾಲು.

"ಅಕ್ಕಾ, ತಪ್ಪಾಯ್ತು. ನೀವೇ ಏನಾದ್ರೂ ಮಾಡ್ಬೇಕು," ಎಂದಳು ಗುಬ್ಬಿ. ಸುಳ್ಳೇಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು.

ಅಂಗಡಿಗೆ ತಂದು ನೋಡಿದೆ. ಕಂಪ್ಯೂಟರನ್ನು ಏಳಿಸುವ ಫೈಲುಗಳನ್ನು ಡಿಸ್ಕಿನಲ್ಲಿ ಇಳಿಸುವ ಬದಲು ಈ ಜಾಣೆ ಪೆನ್‌ಡ್ರೈವಿನಲ್ಲಿ ಇಳಿಸಿದ್ದಳು. ಅದು ಸಿಕ್ಕಿಸಿದ್ದಷ್ಟು ದಿನ ಯಂತ್ರ ಎದ್ದಿತು. ಭಾನುವಾರ ಅದನ್ನು ಕಿತ್ತು, ಅಳಿಸಿ, ಗ್ರಂಥಾಲಯದ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಬೇರೆ ಪೆನ್‌ಡ್ರೈವಿನಿಂದ ಎಬ್ಬಿಸಿ, ಆ ಫೈಲುಗಳನ್ನು ಡಿಸ್ಕಿಗೇ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಎರಡು ಸಿಸ್ಟಮ್‌ಗಳ ಹೆಸರೂ ಪರದೆಯ ಮೇಲೆ ಬಂದವು.

"ಆಯ್ತಲ್ಲಮ್ಮ, ತಗೊಂಡ್ಹೋಗು," ಎಂದರು ಅಂಗಡಿಯ ಯಜಮಾನರು.

"ಇನ್ನೂ ಪರೀಕ್ಷೆ ಮಾಡ್ಬೇಕು ಸಾರ್," ಎಂದು ಅದರ ಮೇಲೆ ಬಟ್ಟೆ ಹೊದಿಸಿದೆ.

ಗುಬ್ಬಿಗೆ ಫೋನ್ ಮಾಡಿ, "ಡಿಸ್ಕೇ ಹೋಗಿರೋ ಹಾಗಿದೆ ಕಣೇ. ಬುಧವಾರದವರೆಗೂ ಏನೂ ಹೇಳಕ್ಕಾಗಲ್ಲ," ಎಂದೆ. ಅನುಭವಿಸಲಿ! ಎರಡು ದಿನ ಅತ್ತೆಯ ಬೈಗುಳ ತಿನ್ನಲಿ. ಆಮೇಲೆ ನಾನು ಹೋಗಿ ಮಾನ ಉಳಿಸುತ್ತೇನೆ, ಆಗ ತಿಳಿಯುತ್ತದೆ ದೊಡ್ಡವಳು ಯಾರು ಎಂದು. ಆ ಎರಡು ದಿನ ನನಗೆ ಊಟ ಬಲು ರುಚಿಸಿತು.

ಬುಧವಾರ ಬೆಳಿಗ್ಗೆ ಕಂಪ್ಯೂಟರ್ ಹೊತ್ತುಕೊಂಡು ಅವರ ಮನೆಗೆ ಹೋದೆ. ಮುಂದಿನ ಕೋಣೆಯ ತುಂಬ ಬಿಳಿ ಕೋಟುಗಳು. ಕಿಟಕಿಯ ಬಳಿ ಅತ್ತೆ ಮತ್ತು ಗುಬ್ಬಿ ಮಂಡಿಗೆ ಮಂಡಿ ತಾಗಿಸಿ ಕೂತು ಕೈಯಲ್ಲೇ ಹೆಸರು ಹೊಲಿಯುತ್ತಿದ್ದರು. ನಲವತ್ತೇಳು ಮುಗಿದಿದ್ದವು. ಗುಬ್ಬಿಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಅತ್ತೇ, ಸರಿಯಾಯ್ತು!" ಎಂದೆ.

"ಹೌದಾ? ಅಲ್ಲಿಡಮ್ಮ," ಎಂದರು, ತಲೆ ಎತ್ತದೆ. "ಅದು ಕೆಟ್ಟಿದ್ದೇ ಒಳ್ಳೇದಾಯ್ತು ನೋಡು. ರಜಾ ಹಾಕಿ ಕೂತಿದ್ದಾಳೆ ಇವಳು. ನಮ್ಮಮ್ಮ ಹೋದ್ಮೇಲೆ ನಾನು ಯಾರ ಪಕ್ಕದಲ್ಲೂ ಹೀಗೆ ಕೂತು ಹೊಲಿದಿರ್ಲಿಲ್ಲ."

ನನ್ನ ಎದೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಇಟ್ಟವರು ಯಾರು? ಆ ಎರಡು ದಿನವನ್ನು ನಾನೇ ಕೈಯಾರೆ ಅವಳಿಗೆ ಕೊಟ್ಟಿದ್ದೆ. ಯಾರ ಹತ್ತಿರ ಹೇಳಿಕೊಳ್ಳಲಿ?

"ನಮಗೋಸ್ಕರ ಎರಡು ದಿನ ಎಷ್ಟು ಒದ್ದಾಡಿದ್ರೋ ಅಕ್ಕಾ. ಕೂತ್ಕೊಳ್ಳಿ," ಎಂದು ಗುಬ್ಬಿ ಜಾಗ ಬಿಟ್ಟಳು. ಆ ಮಾತಿನಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ.

"ಉಳಿದಿದ್ದನ್ನ ಯಂತ್ರಕ್ಕೆ ಹಾಕೋಣ್ವಾ ಅತ್ತೆ?" ಎಂದು ಕೇಳಿದೆ.

"ಬೇಡ, ಎಲ್ಲಾ ಒಂದೇ ಥರ ಇರ್ಲಿ."

ಉಳಿದ ಹದಿಮೂರು ಕೋಟುಗಳನ್ನೂ ಅವರಿಬ್ಬರು ಕೈಯಲ್ಲೇ ಮುಗಿಸಿದರು. ನಾನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟೆ.