ದುರ್ಗಿಗುಡಿಯಲ್ಲಿ ಎರಡು ತಿಂಗಳ ಬಾಡಿಗೆ ಮನೆ

ಅಮ್ಮನ ಮಂಡಿಗೆ ಆಪರೇಷನ್ ಆಗಿತ್ತು. ಫಿಸಿಯೋಥೆರಪಿಗೆಂದು ಅವಳನ್ನು ದಿನವೂ ಭದ್ರಾವತಿಯಿಂದ ಬಸ್ಸಿನಲ್ಲಿ ಕರೆತರುವುದು ಆಗದ ಮಾತು. ಹಾಗಾಗಿ ಶಿವಮೊಗ್ಗದಲ್ಲೇ ಎರಡು ತಿಂಗಳ ಮಟ್ಟಿಗೆ ಮನೆ ಹುಡುಕಿದೆ. ದುರ್ಗಿಗುಡಿಯಲ್ಲಿ ಮೆಟ್ಟಿಲು ಹತ್ತುವ ಕಷ್ಟವಿಲ್ಲದ ಒಂದು ಮನೆ ಸಿಕ್ಕಿತು. ಬಚ್ಚಲಿನಲ್ಲಿ ಯಾರದೋ ಕೂದಲು, ಅಡುಗೆಮನೆಯ ಗೋಡೆಗೆಲ್ಲ ಜಿಡ್ಡು. ತೊಳೆದುಕೊಂಡರಾಯಿತು ಎಂದು ಮೂಗು ಮುಚ್ಚಿಕೊಂಡೇ ಒಪ್ಪಿದೆ.

ಮನೆ ಮಾಲೀಕರು ಮಾತ್ರ ವಾಕರ್ ಹಿಡಿದು ನಿಂತಿದ್ದ ಅಮ್ಮನನ್ನೇ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, ಅವಳಿಗೆ ಕಿವಿಯೇ ಇಲ್ಲವೆಂಬಂತೆ ಹೇಳಿದರು: "ತಪ್ಪು ತಿಳ್ಕೋಬೇಡಿ. ವಯಸ್ಸಾದವ್ರು. ಕೆಟ್ಟ ನಕ್ಷತ್ರದಲ್ಲಿ ಹೋಗ್ಬಿಟ್ರೆ ನಾವು ತಿಂಗಳುಗಟ್ಲೆ ಮನೆಗೆ ಬೀಗ ಹಾಕ್ಬೇಕಾಗುತ್ತೆ. ಸ್ವಲ್ಪ ಏರುಪೇರು ಅನ್ಸಿದ್ರೂ ಭದ್ರಾವತಿಗೆ ಕರ್ಕೊಂಡು ಹೋಗ್ಬಿಡಿ."

ಮಂಡಿ ನೋವಿನಿಂದ ಯಾರಾದರೂ ಸಾಯುತ್ತಾರೆಯೇ? ಆ ಬಚ್ಚಲನ್ನು ನೋಡಿದಾಗಲೂ ಬಾರದ ಓಕರಿಕೆ ಈಗ ಬಂತು.

ಅಮ್ಮ ವಾಕರನ್ನು ಬಾಗಿಲ ಕಡೆ ತಿರುಗಿಸಿದಳು.

"ನಡಿ ಮಾರಾಯ," ಎಂದಳು. "ಸಾಯೋದು ಹಂಗಿರ್ಲಿ, ಈ ಮನೇಲಿ ಬದುಕೋಕೆ ಯಾವ ನಕ್ಷತ್ರಾನೂ ಒಳ್ಳೇದಲ್ಲ."